ತುಣುಕ ಕಲಿತದ್ದು

“ನಮ್ಮ ಬಾಮೈದ ಒಳಗೆ ಕಾಲಿಟ್ರೆ ಸಾಕು, ನಾಯಿಮರಿ ನಿಂತಲ್ಲೇ ಉಚ್ಚೆ ಹೊಯ್ಕೊಳ್ಳತ್ತೆ. ಅಂಥಾ ಶೂರ ಕಣ್ರೀ ಇವನು!”

ಭಾವ ಇದನ್ನು ಹೇಳಿದ್ದು ನಮ್ಮ ಮನೆಯ ಸೋಫಾದಲ್ಲಿ ಕೂತು, ನಮ್ಮ ಕಪ್ಪಿನಲ್ಲಿ ಚಹಾ ಕುಡಿಯುತ್ತ. ನಾನು ಹೆಲ್ಮೆಟ್ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಕೆಳಗಿನ ಮನೆಯ ಓನರಮ್ಮ ಎರಡೂ ಕಾಲು ಮೇಲೆತ್ತಿಕೊಂಡು ನಕ್ಕರು, ಏಕೆಂದರೆ ಮರಿ ಹೊಯ್ದದ್ದು ಅವರ ಚಪ್ಪಲಿಯ ಪಕ್ಕದಲ್ಲೇ. ಓನರಮ್ಮನ ಮಗ ಬಿಸ್ಕತ್ತು ಗಂಟಲಿಗೆ ಸಿಕ್ಕಿ, ಕೆಮ್ಮಿಕೊಂಡೇ ನಕ್ಕ. ಅಕ್ಕ “ಸುಮ್ನಿರ್ರೀ” ಅಂದಳು. ಅಂದವಳು ತಾನೂ ನಕ್ಕಳು.

ನಾನು ಬಿಡುವವನಲ್ಲ. “ಮರಿ ತಂದುಕೊಟ್ಟಿದ್ದು ನೀವೇ ಅಲ್ವಾ ಭಾವ? ನಿಮ್ಮನೆ ಬುದ್ಧಿ ಅದಕ್ಕೆ ಬಂದಿದೆ” ಅಂದೆ. ಮತ್ತೆ ನಗು. ಲೆಕ್ಕ ಸರಿಹೋಯಿತು ಅಂದುಕೊಂಡೆ. ಆದರೆ ಭಾವ ಕಪ್ಪು ಕೆಳಗಿಟ್ಟು, ಅಂಗಡಿಯಲ್ಲಿ ಗಿರಾಕಿಗೆ ಕೊನೆಯ ದರ ಹೇಳುವ ದನಿಯಲ್ಲಿ ಹೇಳಿದ: “ನೋಡು, ಮುಂದಿನ ಭಾನುವಾರ ಬರ್ತೀನಿ. ಅಷ್ಟರಲ್ಲಿ ಇದು ಸರಿಹೋಗಿರಬೇಕು. ಇಲ್ಲಾಂದ್ರೆ ನಮ್ಮ ಗೋಡೌನಿಗೆ ತಗೊಂಡು ಹೋಗಿ ಕಟ್ಟಾಕ್ತೀನಿ. ಚೈನು ಎಲ್ಲಾನೂ ಕಲಿಸತ್ತೆ.”

“ಹಾಗೇ ಮಾಡಪ್ಪ” ಅಂದರು ಓನರಮ್ಮ. “ಮೆಟ್ಟಿಲೆಲ್ಲ ನಾರುತ್ತೆ. ನಾನು ಬಾಯಿಬಿಟ್ಟು ಹೇಳಿಲ್ಲ ಅಷ್ಟೆ.”

ಅವರು ಬಾಯಿಬಿಟ್ಟು ಹೇಳದ ದಿನವನ್ನು ನಾನು ಕಂಡಿಲ್ಲ. ಆದರೆ ತಂಗಿ ಮರಿಯನ್ನು ಎತ್ತಿ ಕುತ್ತಿಗೆಗೆ ಒತ್ತಿಕೊಂಡದ್ದನ್ನು ನೋಡಿದೆ. ಅವಳ ಕಾಲೇಜಿನ ಕೊನೆಯ ವರ್ಷ ಇದು, ಇಡೀ ದಿನ ಪುಸ್ತಕದ ಮುಂದೆ. ಊಟ ಬಟ್ಟೆಗೆ ಏನೂ ಕಮ್ಮಿ ಇಲ್ಲ, ಅವಳು ಆಸೆಪಟ್ಟು ಕೇಳಿದ್ದು ಅಂತ ಇದೊಂದೇ. ಸೂಲಿನಲ್ಲಿ ಕೊನೆಗೆ ಉಳಿದ ಚಿಕ್ಕ ಮರಿಯಾದ್ದರಿಂದ ಅವಳೇ ಅದಕ್ಕೆ ತುಣುಕ ಅಂತ ಹೆಸರಿಟ್ಟಿದ್ದಳು. ಗೋಡೌನು ಅಂದರೆ ಭಾವನ ಪೇಂಟ್ ಅಂಗಡಿಯ ಹಿಂದೆ, ಬಣ್ಣದ ಡಬ್ಬಗಳ ನಡುವೆ ಕಿಟಕಿಯಿಲ್ಲದ ಜಾಗ. ಭಾವ ಹೇಳಿದ್ದನ್ನು ಮಾಡುವವನು. ಆ ಗುಣ ಒಂದು ಅವನಲ್ಲಿದೆ.

ನನಗೆ ಉರಿದದ್ದು ಬೇರೆಯದಕ್ಕೆ. ಆ ಮರಿಯ ಮೇಲೆ ನಾನು ಒಂದು ದಿನವೂ ಕೈ ಮಾಡಿಲ್ಲ. ಭಾವ ಬೂಟಿನ ತುದಿಯಿಂದ ಅದರ ಹೊಟ್ಟೆ ತಿವಿಯುತ್ತಾನೆ, ಅದು ಅವನ ಲೇಸು ಕಚ್ಚಿಕೊಂಡು ಆಡುತ್ತದೆ. ನಾನು ವರ್ಕ್‌ಶಾಪಿನಲ್ಲಿ ಊಟದ ಹೊತ್ತು ಬಿಟ್ಟು ಅದಕ್ಕೆ ಮರದ ಪೆಟ್ಟಿಗೆ ಮಾಡಿದೆ, ಮೈಗೆ ತರಚದ ಹಾಗೆ ಅಂಚನ್ನೆಲ್ಲ ಉಜ್ಜಿದೆ, ನನ್ನ ಹಳೇ ಸ್ವೆಟರ್ ಹಾಸಿದೆ. ನಾನು ಬಂದರೆ ಅದು ಕಿವಿ ಹಿಂದಕ್ಕೆ ಮಾಡಿ, ಬಾಲ ಒಳಗೆ ಸೇರಿಸಿ, ಗೋಡೆಗೆ ಅಂಟಿಕೊಂಡು ಹೊಯ್ಯುತ್ತದೆ. ನನಗೊಬ್ಬನಿಗೇ.

ದನಿ ಜೋರು ಅಂತ ನಾನೇ ಒಂದು ಕಾರಣ ಕೊಟ್ಟುಕೊಂಡೆ. ನಾವು ಅಂಗಡಿಗಳಿಗೆ ರೋಲಿಂಗ್ ಷಟರ್ ಮಾಡುವವರು. ತಗಡು ಮಡಿಚುವ ಯಂತ್ರ ಓಡುತ್ತಿರುವಾಗ “ಬಿಡು!” ಅಂತ ಕಿರುಚದಿದ್ದರೆ ಎದುರಿನವನ ಬೆರಳು ಹೋಗುತ್ತದೆ. ಎಂಟನೇ ಕ್ಲಾಸಿನಲ್ಲಿ ಪುಸ್ತಕ ಎಸೆದು ಅಲ್ಲಿಗೆ ಸೇರಿದವನು ನಾನು. ಅಪ್ಪ ಸತ್ತ ಮೇಲೆ ಮನೆ ನಡೆದದ್ದು ಆ ಕಿರುಚಾಟದಿಂದಲೇ. ಹಾಗಾಗಿ ದನಿಗೆ ನಾನು ನಾಚಿಕೊಂಡವನಲ್ಲ.

ಸೋಮವಾರ ಸಂಜೆ ತಂಗಿ ಫೋನು ಹಿಡಿದುಕೊಂಡು ನನ್ನಿಂದ ಎರಡು ಮಾರು ದೂರದಲ್ಲಿ ನಿಂತಳು.

“ಅಣ್ಣಾ, ಇದ್ರಲ್ಲಿ ಏನೋ ಬರ್ದಿದ್ದಾರೆ. ಓದ್ಲಾ?”

“ಓದು.”

“ಮರಿ ಮೇಲೆ ಬಗ್ಗಬಾರ್ದಂತೆ. ಕಣ್ಣಲ್ಲಿ ಕಣ್ಣಿಟ್ಟು ನೋಡಬಾರ್ದಂತೆ. ಒಳಗೆ ಬಂದ ತಕ್ಷಣ ಅದರ ಕಡೆ ತಿರುಗದೆ, ಕೆಳಗೆ ಕೂತು, ಅದೇ ಬರೋ ತನಕ ಕಾಯ್ಬೇಕಂತೆ. ಶೂ ಹೊರಗೇ ಬಿಚ್ಚಿದ್ರೆ ಒಳ್ಳೇದಂತೆ.” ಉಸಿರು ತೆಗೆದುಕೊಂಡು ಸೇರಿಸಿದಳು, “ಇದ್ರಲ್ಲಿ ಬರ್ದಿರೋದು ಅಣ್ಣಾ, ನಾನು ಹೇಳ್ತಿರೋದಲ್ಲ.”

ಆಗ ಆ ಕೊನೆಯ ಮಾತು ನನ್ನ ಕಿವಿಗೆ ಬಿದ್ದೇ ಇರಲಿಲ್ಲ.

ಹೇಳಿದ್ದೆಲ್ಲ ಮಾಡಿದೆ. ಗೋಡೆಗೆ ಮುಖ ಮಾಡಿ ನೆಲದ ಮೇಲೆ ಕೂತೆ, ಶಾಲೆಯಲ್ಲಿ ಶಿಕ್ಷೆಗೆ ಕೂರಿಸುತ್ತಿದ್ದ ಹಾಗೆ. ಅಂಗೈಯಲ್ಲಿ ಹಾಲಿನಲ್ಲಿ ನೆನೆಸಿದ ಬ್ರೆಡ್ ಹಿಡಿದುಕೊಂಡೆ. ಬ್ರೆಡ್ಡಿನ ಹಾಲು ಮೊಣಕೈಗಿಳಿಯಿತು, ಮರಿ ಬರಲಿಲ್ಲ. ಮಂಗಳವಾರವೂ ಹೊಯ್ದಿತು. ಬುಧವಾರ, ಇನ್ನೇನು ಬಂತು ಅನ್ನುವಷ್ಟರಲ್ಲಿ ಅಡುಗೆಮನೆಯಲ್ಲಿ ಅಮ್ಮನ ಕೈಯಿಂದ ಸೌಟು ಜಾರಿತು. ನಾನು “ಏಯ್!” ಅಂದೆ. ಮರಿಗಲ್ಲ, ಅಮ್ಮನಿಗೂ ಅಲ್ಲ, ಸೌಟಿಗೆ. ಅಲ್ಲಿಗೆ ಎಲ್ಲ ನೀರುಪಾಲು. ಅಮ್ಮ ಒರೆಸುವ ಬಟ್ಟೆ ಹಿಡಿದು ಓಡಿ ಬಂದಳು, “ನಂದೇ ತಪ್ಪು, ನಂದೇ ತಪ್ಪು” ಅನ್ನುತ್ತ.

ಗುರುವಾರ ಬೈಕು ಕೈಕೊಟ್ಟಿತು. ಮೆಕಾನಿಕ್ಕಿನ ಹತ್ತಿರ ಬಿಟ್ಟು ಮಧ್ಯಾಹ್ನವೇ ನಡೆದುಕೊಂಡು ಬಂದೆ. ನಮ್ಮ ಮನೆಗೆ ಹೊರಗಿನಿಂದ ಮೆಟ್ಟಿಲು. ಮೇಲಿನ ಮೆಟ್ಟಿಲಲ್ಲಿ ಕೂತರೆ ನಡುಮನೆಯ ಕಿಟಕಿ ಕಣ್ಣಿನ ಮಟ್ಟಕ್ಕೇ ಬರುತ್ತದೆ. ಶೂ ಬಿಚ್ಚಲು ಅಲ್ಲೇ ಕೂತೆ. ಒಳಗಿನಿಂದ ನಗು ಕೇಳಿಸಿತು. ಯಾರೋ ನೆಂಟರು ಬಂದಿದ್ದಾರೆ ಅಂದುಕೊಂಡೆ.

ನೆಂಟರಲ್ಲ, ಅಮ್ಮ. ನೆಲದ ಮೇಲೆ ಕಾಲು ನೀಡಿ ಕೂತು, ಬಾಯಿಗೆ ಕೈ ಅಡ್ಡ ಇಡದೆ ನಗುತ್ತಿದ್ದಳು. ಟೀವಿ ಜೋರಾಗಿತ್ತು. ತಂಗಿ ಎರಡು ದಿಂಬು ಅಂಗಿಯೊಳಗೆ ತುರುಕಿಕೊಂಡು ಓನರಮ್ಮನ ಹಾಗೆ ಸೊಂಟಕ್ಕೆ ಕೈಯಿಟ್ಟು ಓಡಾಡುತ್ತಿದ್ದಳು. “ನಾನು ಬಾಯಿಬಿಟ್ಟು ಹೇಳಿಲ್ಲ ಅಷ್ಟೆ, ನಾನು ಬಾಯಿಬಿಟ್ಟು ಹೇಳಿಲ್ಲ ಅಷ್ಟೆ!” ಅಮ್ಮ “ಸಾಕು ಕಣೇ, ಹೊಟ್ಟೆ ನೋವು ಬಂತು” ಅನ್ನುತ್ತಿದ್ದಳು. ಅವಳ ಮಡಿಲಲ್ಲಿ ತುಣುಕ ಹೊಟ್ಟೆ ಮೇಲೆ ಮಾಡಿ, ನಾಲ್ಕೂ ಕಾಲು ಚೆಲ್ಲಿ ಬಿದ್ದುಕೊಂಡಿತ್ತು. ನನಗೂ ನಗು ಬಂತು. ಒಂದು ಶೂ ಬಿಚ್ಚಿ ಕೈಯಲ್ಲಿ ಹಿಡಿದು ಇಣುಕುತ್ತಿದ್ದೆ.

ಅಷ್ಟರಲ್ಲಿ ಬೀದಿಯ ತಿರುವಿನಲ್ಲಿ ಒಂದು ಬೈಕು ಬಂತು. ನನ್ನದರ ಹಾಗೇ ಸೈಲೆನ್ಸರ್ ಒಡೆದದ್ದು, ನನ್ನದರ ಹಾಗೇ ಪಟಪಟ ಸದ್ದು.

ಅಮ್ಮನ ನಗು ನಿಂತಿತು. ನಿಧಾನಕ್ಕೆ ಅಲ್ಲ, ಕತ್ತರಿಯಲ್ಲಿ ಕತ್ತರಿಸಿದ ಹಾಗೆ. ರಿಮೋಟು ಹುಡುಕಿ ಟೀವಿ ಸಣ್ಣಗೆ ಮಾಡಿದಳು. ತಂಗಿ ದಿಂಬು ಕಿತ್ತು ಸೋಫಾಗೆ ಎಸೆದು ಪುಸ್ತಕ ತೆರೆದು ಕೂತಳು. ಮತ್ತೆ ಎದ್ದು ನನ್ನ ಕುರ್ಚಿಯ ಮೇಲಿದ್ದ ಬಟ್ಟೆರಾಶಿ ಎತ್ತಿಕೊಂಡು ಒಳಗೆ ಹಾಕಿ ಬಂದಳು. ಅಮ್ಮ ಟವೆಲ್ ತಂದು ಕುರ್ಚಿಯ ಹಿಂದೆ ಹಾಕಿ, ನೀರು ಕಾಯಲಿಟ್ಟು, ಬಾಗಿಲ ಬಳಿ ಅಡ್ಡಾದಿಡ್ಡಿ ಬಿದ್ದಿದ್ದ ಚಪ್ಪಲಿಗಳನ್ನು ಕಾಲಿನಿಂದಲೇ ಸಾಲು ಮಾಡಿದಳು. ಒಬ್ಬರಿಗೊಬ್ಬರು ಒಂದು ಮಾತು ಆಡಲಿಲ್ಲ. ಯಾರ ಕೆಲಸ ಯಾವುದು ಅಂತ ಅವರವರಿಗೆ ಗೊತ್ತಿತ್ತು. ವರ್ಕ್‌ಶಾಪಿನಲ್ಲಿ ಇಷ್ಟು ವರ್ಷದಿಂದ ಜೊತೆಗೆ ದುಡಿಯುವ ನಮ್ಮಲ್ಲೂ ಇಂಥ ಹೊಂದಾಣಿಕೆ ಇಲ್ಲ.

ತುಣುಕ ಕೋಣೆಯ ನಡುವೆ ನಿಂತು ಅಮ್ಮನ ಮುಖ ನೋಡಿತು. ತಂಗಿಯ ಮುಖ ನೋಡಿತು. ಕಿವಿ ಹಿಂದಕ್ಕೆ ಹೋದವು. ಬಾಲ ಒಳಗೆ ಸೇರಿತು. ಗೋಡೆಯ ಪಕ್ಕ ಸರಿದು ಹೊಯ್ದಿತು.

ಕೆಳಗಿನಿಂದ “ಕೊರಿಯರ್!” ಅಂತ ಯಾರೋ ಕೂಗಿದರು. ಓನರಮ್ಮನಿಗೆ ಬಂದದ್ದು.

“ಅಣ್ಣ ಅಲ್ಲಮ್ಮಾ” ಅಂದಳು ತಂಗಿ.

“ಅಬ್ಬ” ಅಂದಳು ಅಮ್ಮ.

ಬಿಚ್ಚಿದ ಶೂ ಮತ್ತೆ ಹಾಕಿಕೊಂಡು, ಸದ್ದಾಗದ ಹಾಗೆ ಮೆಟ್ಟಿಲಿಳಿದು ಹೋದೆ. ಎಲ್ಲಿಗೆ ಅಂತ ಕೇಳಬೇಡಿ. ಬೀದಿಯ ಕೊನೆಗೆ ಹೋಗಿ, ಮುಚ್ಚಿದ ಅಂಗಡಿಯ ಷಟರಿಗೆ ಬೆನ್ನು ಕೊಟ್ಟು ನಿಂತೆ. ಅದನ್ನು ಹಾಕಿದವರು ನಾವೇ. ಬೈದಿದ್ದರೆ ತಿರುಗಿ ಬೈಯಬಹುದಿತ್ತು, ಹೊಡೆದಿದ್ದರೆ ಹೊಡೆಯಬಹುದಿತ್ತು. ಹೆತ್ತವಳು ಮಗ ಬರಲಿಲ್ಲ ಅಂತ “ಅಬ್ಬ” ಅಂದರೆ ಯಾವನ ಕಾಲರ್ ಹಿಡಿಯುವುದು?

ಮನೆಯಲ್ಲಿ ಯಾರ ಮೇಲೂ ಕೈ ಎತ್ತಿದವನಲ್ಲ ಅಂತ ನನಗೊಂದು ಹೆಮ್ಮೆಯಿತ್ತು. ಎತ್ತಿಲ್ಲ, ನಿಜ. ಬಾಗಿಲು ಬಡಿದಿದ್ದೇನೆ. ತಟ್ಟೆ ತಳ್ಳಿದ್ದೇನೆ. ಉಪ್ಪು ಹೆಚ್ಚಾಯಿತು ಅಂತ ಪಾತ್ರೆ ಸಮೇತ ಸಿಂಕಿಗೆ ಸುರಿದಿದ್ದೇನೆ. ರಿಮೋಟು ಗೋಡೆಗೆ ಎಸೆದಿದ್ದೇನೆ, ಅದಕ್ಕೇ ಅದರ ಬೆನ್ನಿಗೆ ಟೇಪು. ಹೊರಗೆ ಯಾವನೋ ಅಂದದ್ದಕ್ಕೆ ಒಳಗೆ ತೀರಿಸಿಕೊಳ್ಳುವುದು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂತಾರಲ್ಲ, ಹಾಗೆ. ದುಡಿದು ತರುವವನು ಅಂತ ಯಾರೂ ಎದುರಾಡಲಿಲ್ಲ. ಎದುರಾಡದ್ದನ್ನು ನಾನು ಮರ್ಯಾದೆ ಅಂದುಕೊಂಡೆ.

ಶುಕ್ರವಾರ ರಿಪೇರಿಯಾಗಿ ಸಿಕ್ಕಿದ ಬೈಕನ್ನು ತಿರುವಿನಲ್ಲೇ ಆಫ್ ಮಾಡಿ ತಳ್ಳಿಕೊಂಡು ಬಂದೆ. ಸದ್ದೇ ಇಲ್ಲದಿದ್ದರೆ ಹೆದರಿಕೆ ಎಲ್ಲಿಂದ? ಮೆಲ್ಲಗೆ ಬಾಗಿಲು ತಳ್ಳಿದೆ. ಅಮ್ಮ ಕಿಟಾರನೆ ಕಿರುಚಿದಳು, ಕೈಯಲ್ಲಿದ್ದ ಗಾಜಿನ ಲೋಟ ಚೂರುಚೂರು.

“ಸದ್ದು ಮಾಡ್ಕೊಂಡು ಬರಬಾರ್ದಾ!” ಅಂದುಬಿಟ್ಟಳು. ಅಂದವಳ ಮುಖ ಬಿಳಿಚಿಕೊಂಡಿತು. “ಇಲ್ಲಪ್ಪ, ನಾನೇ ನೋಡ್ಲಿಲ್ಲ. ಕೂತ್ಕೋ, ಕೂತ್ಕೋ.”

ಗಾಜು ಆರಿಸಲು ನಾನೂ ಬಗ್ಗಿದೆ. ಅವಳು ಕೈ ಹಿಂದಕ್ಕೆಳೆದುಕೊಂಡಳು. ಮರಿ ಏನು ಮಾಡಿತು ಅಂತ ಬೇರೆ ಹೇಳಬೇಕಿಲ್ಲ.

ಶನಿವಾರ ಇನ್ನೊಂದು ಪ್ರಯತ್ನ. ಬೈಕಿನ ಸದ್ದು ಮಾಡಿಕೊಂಡೇ ಬಂದೆ. ಒಳಗೆ ಟೀವಿ ಸಣ್ಣಗಾಗಿತ್ತು. ಒಳ್ಳೆಯ ಮಾತಿನಲ್ಲೇ ಹೇಳೋಣ ಅಂತ ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದೆ. “ಟೀವಿ ಜೋರಾಗೇ ಇರ್ಲಿ” ಅಂದೆ. ಬಾಯಿಂದ ಬಂದದ್ದು “ಬಿಡು!” ಅನ್ನುವ ಅದೇ ದನಿ. ತಂಗಿ ಬೆಚ್ಚಿ ರಿಮೋಟು ಒತ್ತಿದಳು, ಒತ್ತುತ್ತಲೇ ಹೋದಳು. ಟೀವಿಯಲ್ಲಿ ಯಾವನೋ ಸೋಪಿನ ಜಾಹೀರಾತು ಕಿರುಚುತ್ತಿದ್ದ. ನಾವು ಮೂವರೂ ಸಾವಿನ ಮನೆಯಲ್ಲಿ ಕೂತವರ ಹಾಗೆ ಅದನ್ನೇ ನೋಡುತ್ತ ಕೂತೆವು.

“ಇಷ್ಟು ಸಾಕಾ ಅಣ್ಣಾ?” ಅಂದಳು ತಂಗಿ.

ಅವಳು ತಮಾಷೆಗೆ ಕೇಳಿದ್ದರೆ ಬದುಕಿಕೊಳ್ಳುತ್ತಿದ್ದೆ.

ಭಾನುವಾರ ಭಾವ ಹೇಳಿದ ಹಾಗೇ ಬಂದ. ಹೊಸ ಚೈನು, ಒಂದು ಗೋಣಿಚೀಲ. ಅಕ್ಕ ಹಿಂದೆ. ತಮಾಷೆ ನೋಡಲು ಓನರಮ್ಮ, ಅವರ ಮಗ. ನಾನು ಕುರ್ಚಿಯಲ್ಲಿ ಕೂರದೆ ಅಡುಗೆಮನೆಯ ಬಾಗಿಲ ಬಳಿ ನಿಂತಿದ್ದೆ. ತುಣುಕ ತಂಗಿಯ ತೋಳಲ್ಲಿತ್ತು.

“ಏನಾಯ್ತು ಪರೀಕ್ಷೆ? ಪಾಸಾ, ಫೇಲಾ?” ಅಂದ ಭಾವ.

ನೆಲದ ಮೇಲೆ ಒರೆಸಿದ ಹಸಿ ಇನ್ನೂ ಆರಿರಲಿಲ್ಲ.

“ಫೇಲು ಬಿಡಿ” ಅಂದ. “ಮರೀಲೇ ಐಬು ಇದೆ. ಕೆಲವಕ್ಕೆ ಹುಟ್ಟಿನಿಂದಲೇ ಪುಕ್ಕಲುತನ. ಮನೇಲಿಟ್ಕೊಳ್ಳೋಕೆ ಲಾಯಕ್ಕಲ್ಲ. ಕೊಡಮ್ಮ ಇಲ್ಲಿ.”

ತಂಗಿ ಕೊಡಲಿಲ್ಲ. ತೋಳು ಇನ್ನಷ್ಟು ಬಿಗಿ ಮಾಡಿದಳು. ಭಾವ ಗೋಣಿಚೀಲದ ಬಾಯಿ ಬಿಡಿಸಿದ. ನನ್ನ ನಾಲಿಗೆಯ ತುದಿಗೆ ಮಾತು ಬಂದಿತ್ತು. ನಿಮ್ಮಪ್ಪನ ಅಂಗಡಿಯಲ್ಲಿ ಕೂತು ಬಣ್ಣದ ಡಬ್ಬ ಮಾರುವವನೇ, ನಮ್ಮನೆ ಮರಿಯ ಐಬು ಹುಡುಕಲು ನೀನ್ಯಾರು ಅಂತ. ಬಾಯಿ ತೆರೆಯಬೇಕು, ಅಷ್ಟರಲ್ಲಿ ನೋಡಿದೆ. ತಂಗಿ ನೋಡುತ್ತಿದ್ದದ್ದು ಭಾವನನ್ನಲ್ಲ, ಚೀಲವನ್ನಲ್ಲ, ನನ್ನನ್ನು. ಅಕ್ಕನೂ ನನ್ನನ್ನೇ. ಮದುವೆಯಾಗಿ ಹೋದವಳ ಕೈಯೂ ಮೇಜಿನ ಮೇಲಿದ್ದ ಕಪ್ಪುಗಳನ್ನು ತಾನಾಗಿ ಆಚೆ ಸರಿಸುತ್ತಿತ್ತು.

ಬಾಯಿ ಮುಚ್ಚಿದೆ.

ಮಾತಾಡಿದ್ದು ಅಮ್ಮ. ಅಳಿಯನ ಎದುರು ಅವಳು ದನಿ ತೆಗೆದದ್ದನ್ನು ನಾನು ಕಂಡಿರಲಿಲ್ಲ.

“ಚೀಲ ಮಡಚಿಡಪ್ಪ. ಮರೀಲಿ ಏನೂ ಐಬಿಲ್ಲ.”

“ಮತ್ತೆ ಇದೇನತ್ತೆ?” ಅಂದ ಭಾವ ಒದ್ದೆ ನೆಲ ತೋರಿಸಿ.

“ಅದಕ್ಕೇನು ಗೊತ್ತು, ಬಂದಿರೋದೇ ಮೊನ್ನೆ. ಬೈಕಿನ ಸದ್ದು ಕೇಳಿದ್ರೆ ನನ್ನ ಎದೆ ಹೊಡ್ಕೊಳ್ಳತ್ತೆ. ಇವಳು ಪುಸ್ತಕದಲ್ಲಿ ಮುಖ ಮುಚ್ಕೋತಾಳೆ. ಅದು ನೋಡ್ಕೊಂಡು ಕಲೀತು. ನಾವು ಒಳಗೇ ಹಿಡ್ಕೋತೀವಿ, ಅದಕ್ಕೆ ಹಿಡ್ಕೊಳ್ಳೋಕೆ ಬರಲ್ಲ, ಅಷ್ಟೇ ವ್ಯತ್ಯಾಸ.”

ಓನರಮ್ಮನ ಮಗ ನಗಲು ಬಾಯಿ ತೆರೆದವನು ತಾಯಿಯ ಮುಖ ನೋಡಿ ಮುಚ್ಚಿದ. ಅಮ್ಮ ನನ್ನ ಕಡೆ ತಿರುಗಿರಲಿಲ್ಲ. ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಹಿಂಡುತ್ತಿದ್ದಳು, ಅದರಲ್ಲಿ ನೀರಿರಲಿಲ್ಲ.

“ಮರಿ ಎಲ್ಲೂ ಹೋಗಲ್ಲ” ಅಂದಳು. “ವಾಸನೆ ಬಂದ್ರೆ ನಾನು ಮೆಟ್ಟಿಲು ತೊಳೀತೀನಿ ಓನರಮ್ಮ. ದಿನಾ ತೊಳೀತೀನಿ.”

ಭಾವ ಚೀಲವನ್ನು ಮಡಚಿ ಕಂಕುಳಲ್ಲಿಟ್ಟುಕೊಂಡ. ನನ್ನ ಕಡೆ ನೋಡಿದ. ಅವನ ಮುಖದಲ್ಲೂ ಈಗ ತಮಾಷೆ ಇರಲಿಲ್ಲ.

“ಕೇಳಿಸ್ತೇನಪ್ಪಾ? ನಿಮ್ಮಮ್ಮ ಹೇಳಿದ್ದು ಕೇಳಿಸ್ತಾ? ಏನು ಹೇಳ್ತೀಯ ಇದಕ್ಕೆ?”

ತಂಗಿಯ ತೋಳಿನಲ್ಲಿ ಮರಿಯ ಕಿವಿ ಹಿಂದಕ್ಕೆ ಹೋಗಿದ್ದವು.

ಅವರೆಲ್ಲರನ್ನೂ ದಾಟಿ, ಯಾರ ಮುಖವನ್ನೂ ನೋಡದೆ, ಗೋಡೆಯ ಪಕ್ಕದಲ್ಲೇ ಸರಿದು ಬಾಗಿಲಿಗೆ ಬಂದೆ. ಬಾಗಿಲನ್ನು ಬಡಿಯದೆ, ಎಳೆದುಕೊಳ್ಳದೆ, ಇದ್ದ ಹಾಗೇ ಬಿಟ್ಟು, ಮೆಟ್ಟಿಲು ಇಳಿಯತೊಡಗಿದೆ.