ಗುಬ್ಬಿಯ ಕರವಸ್ತ್ರ

ಕಾಲೇಜಿನ ಚಾಪೆಲಿನಲ್ಲಿ ಪಾಪನಿವೇದನೆ ಕೇಳುವ ಗುರುಗಳು ಒಬ್ಬರೇ. ಅವರು ಚಿನ್ನುವಿನ ಸ್ವಂತ ಸೋದರಮಾವ. ಜಗತ್ತಿನಲ್ಲಿ ಅಷ್ಟೊಂದು ಕಾಲೇಜುಗಳಿರುವಾಗ ದೇವರು ಮಾವನನ್ನು ಇಲ್ಲಿಗೇ ತಂದು ಕೂರಿಸಿದ್ದರಲ್ಲಿ ಏನೋ ಹಟವಿದೆ ಎಂದೇ ಅವಳ ಅನುಮಾನ.

ಶುರುವಾದದ್ದು ಸಣ್ಣದಾಗಿ. ಭಾನುವಾರ ಹಾಸಿಗೆ ಬಿಟ್ಟೇಳದೆ, ಫೋನಿನಲ್ಲಿ ಅಮ್ಮನಿಗೆ "ಪೂಜೆಗೆ ಹೋಗಿದ್ದೆ" ಎಂದುಬಿಟ್ಟಳು. ಇನ್ನೊಂದು ಭಾನುವಾರವೂ ಅದೇ. ನಿವೇದನೆಯಲ್ಲಿ ಕೇಳಿದ ಗುಟ್ಟನ್ನು ಗುರುಗಳು ಯಾರಿಗೂ ಹೇಳುವಂತಿಲ್ಲವೆಂದು ಅವಳಿಗೆ ಗೊತ್ತಿತ್ತು. ಆದರೂ ತನ್ನನ್ನು ಹೆಗಲ ಮೇಲೆ ಹೊತ್ತು ತಿರುಗಿದ ಮಾವನ ಮುಂದೆ ಮಂಡಿಯೂರಿ, ನಿಮ್ಮಕ್ಕನಿಗೆ ಟೋಪಿ ಹಾಕಿದೆ ಎನ್ನುವುದು ಹೇಗೆ? ಇವತ್ತು ನಾಳೆ ಎನ್ನುತ್ತಾ ವರ್ಷವೇ ಕಳೆಯಿತು. ನಿವೇದನೆ ಮಾಡದೆ ಪೂಜೆಯಲ್ಲಿ ಕೊಡುವ ಪರಮಪ್ರಸಾದ ತೆಗೆದುಕೊಳ್ಳುವ ಧೈರ್ಯ ಅವಳಿಗಿರಲಿಲ್ಲ. ತೆಗೆದುಕೊಳ್ಳದೆ ಕೂತರೆ ವಾರ್ಡನ್ ಸಿಸ್ಟರ್ ಕಣ್ಣು ತಪ್ಪಿಸಲಾಗುತ್ತಿರಲಿಲ್ಲ. ಅದಕ್ಕೇ ಹಾಸ್ಟೆಲಿನವರೆಲ್ಲ ಸೇರುವ ಪೂಜೆಯಲ್ಲಿ ಅವಳು ಕಡೆಯ ಬೆಂಚು ಹಿಡಿದು, ಪ್ರಸಾದಕ್ಕೆ ಏಳದ ಬೇರೆ ಧರ್ಮದ ಹುಡುಗಿಯರ ನಡುವೆ ತಲೆ ಮರೆಸಿಕೊಳ್ಳುತ್ತಿದ್ದಳು.

ಆ ದಿನ ಪಕ್ಕದಲ್ಲಿ ಅವಳ ರೂಮಿನ ಗೆಳತಿ ಕೂತಿದ್ದಳು. ಪುಟ್ಟ ಮೈಕಟ್ಟಿನ ಅವಳನ್ನು ಎಲ್ಲರೂ ಕರೆಯುವುದು ಗುಬ್ಬಿ ಎಂದೇ. ಪ್ರಸಾದಕ್ಕೆ ಸಾಲು ಎದ್ದಿತು. ಸಿಸ್ಟರ್ ನೋಟ ನೇರ ಇವರ ಬೆಂಚಿಗೆ ಬಂದು ನಿಂತಿತು.

"ನಾನೂ ಹೋಗಬಹುದಾ?" ಗುಬ್ಬಿ ಪಿಸುಗುಟ್ಟಿದಳು. "ನಮ್ಮಮ್ಮನಿಗೆ ಹುಷಾರಿಲ್ಲ ಅಲ್ವಾ, ಅದಕ್ಕೆ."

ಕ್ರೈಸ್ತಳಲ್ಲದವಳು ಹೋಗಬಾರದು ಎಂದು ಚಿನ್ನುವಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಬೆಂಚಿನಿಂದ ಒಬ್ಬರಾದರೂ ಎದ್ದರೆ ಸಿಸ್ಟರ್ ಕಣ್ಣು ಬೇರೆ ಕಡೆ ಹೋದೀತು ಎಂಬುದೇ ಅವಳಿಗೆ ಮೊದಲು ಹೊಳೆಯಿತು.

"ಹೋಗು, ಏನಾಗಲ್ಲ. ಬರೀ ರೊಟ್ಟಿಚೂರು. ಕೈ ಚಾಚಿ ಆಮೆನ್ ಅನ್ನು, ಸಾಕು."

ಗುಬ್ಬಿ ಹೋದಳು. ಮಾವನಿಗೆ ಅಂದು ಜೋರು ನೆಗಡಿ, ಕಣ್ಣು ತುಂಬಿ ಮೂಗು ಸೋರುತ್ತಿತ್ತು. ಯಾರ ಕೈಗೆ ಕೊಟ್ಟರೋ, ಅವರು ಬಾಯಿಗೆ ಹಾಕಿಕೊಂಡರೋ ಇಲ್ಲವೋ, ನೋಡಲಿಲ್ಲ. ಸಿಸ್ಟರ್ ಕಣ್ಣು ಮುಂದೆ ಸರಿಯಿತು. ಚಿನ್ನು ಬದುಕಿದೆ ಎಂದುಕೊಂಡಳು.

ರೂಮಿಗೆ ಬಂದ ಮೇಲೆ ಗುಬ್ಬಿ ಕರವಸ್ತ್ರ ಬಿಚ್ಚಿದಳು. ಒಳಗೆ ಬಿಳಿಯ ದುಂಡನೆಯ ಪ್ರಸಾದ ಹಾಗೇ ಇತ್ತು.

"ತಿನ್ನೋಕೆ ಮನಸ್ಸು ಬರಲಿಲ್ಲ ಕಣೇ. ಎಲ್ಲರೂ ಎಷ್ಟು ಭಕ್ತಿಯಿಂದ ವಾಪಸ್ ಬರ್ತಿದ್ರು. ಶನಿವಾರ ಊರಿಗೆ ಹೋಗ್ತೀನಲ್ಲ, ಅಮ್ಮನಿಗೇ ಕೊಡ್ತೀನಿ."

ಅದನ್ನು ಚಾಪೆಲಿನಿಂದ ಹೊರಗೆ ತರುವುದೇ ದೊಡ್ಡ ತಪ್ಪೆಂದು ಚಿನ್ನುವಿಗೆ ಗೊತ್ತಿತ್ತು. ಬಾಯಿಗೆ ಮಾತ್ರ ಇನ್ನೊಂದು ಸುಳ್ಳು ಸಲೀಸಾಗಿ ಬಂತು. "ಇಲ್ಲಿ ಕೊಡು. ಮಾವನ ಹತ್ರ ಆಶೀರ್ವಾದ ಮಾಡಿಸಿಕೊಂಡು ಬರ್ತೀನಿ." ಗುಬ್ಬಿ ಎರಡೂ ಕೈಯಲ್ಲಿ ಎತ್ತಿ ಕೊಟ್ಟಳು.

ಮೆಟ್ಟಿಲ ತಿರುವಿನಲ್ಲಿ ಚಿನ್ನು ನಿಂತಳು. ಇಲ್ಲೇ ತಿಂದುಬಿಟ್ಟರೆ ಮುಗಿಯಿತು, ಯಾರಿಗೂ ತಿಳಿಯುವುದಿಲ್ಲ. ಕರವಸ್ತ್ರ ಬಾಯಿಯವರೆಗೂ ಬಂತು. ನಾಚಿ ಅದನ್ನು ಮತ್ತೆ ಮಡಚಿದಳು. ಬರೀ ರೊಟ್ಟಿಚೂರಾಗಿದ್ದರೆ ತಿನ್ನಲು ಯಾಕೆ ಹಿಂಜರಿಯಬೇಕು? ಅವಳು ಕೆಳಗಿಳಿದು ಚಾಪೆಲಿನ ಹಿಂದಿನ ಕೋಣೆಗೆ ಹೋದಳು.

ಮಾವ ಪೂಜೆಯ ಉಡುಪು ಮಡಚುತ್ತಿದ್ದರು. ಅವಳು ಬಿಚ್ಚಿದ ಕರವಸ್ತ್ರ ನೋಡಿ ಅವರ ಮುಖ ಬಿಳಿಚಿಕೊಂಡಿತು.

"ಯಾರು ತಂದದ್ದು ಇದನ್ನ?"

"ತಂದದ್ದು ನನ್ನ ಗೆಳತಿ. ಅವಳಿಗೆ ಗೊತ್ತಿರಲಿಲ್ಲ. ಕಳಿಸಿದ್ದು ನಾನು."

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಪ್ರಸಾದವನ್ನು ತಾವೇ ಸೇವಿಸಿದರು. ಕಣವೂ ಉಳಿಯದಂತೆ ಕರವಸ್ತ್ರವನ್ನು ಬಟ್ಟಲ ನೀರಿನಲ್ಲಿ ಜಾಲಿಸಿ, ಆ ನೀರನ್ನು ಗೋಡೆಯಾಚೆ ಯಾರೂ ತುಳಿಯದ ಮಣ್ಣಿಗೆ ಸುರಿದು ಬಂದರು. ಚಿನ್ನು ಅಲ್ಲೇ ಮಂಡಿಯೂರಿದ್ದಳು.

"ಮಾವ..."

"ಮಾವ ಹೊರಗೆ ಹೋಗಿದ್ದಾನೆ ಅಂದ್ಕೋ. ಹೇಳು."

ಹೇಳಿದಳು. ಭಾನುವಾರಗಳು, ಅಮ್ಮನ ಫೋನು, ಕಡೆಯ ಬೆಂಚು, ಎಲ್ಲ. ಅವರು ಮೂಗೊರೆಸಿಕೊಂಡರು. ಅದು ನೆಗಡಿಗೋ ಬೇರೆಯದಕ್ಕೋ ಅವಳಿಗೆ ತಿಳಿಯಲಿಲ್ಲ.

"ಪ್ರಾಯಶ್ಚಿತ್ತ ಒಂದೇ. ನೀನು ನಿಜವಾಗಿ ಏನು ನಂಬ್ತೀಯೋ ಅದನ್ನ ಆ ಹುಡುಗಿಗೆ ಹೇಳು."

ಹತ್ತು ಜಪಮಾಲೆ ಎಂದಿದ್ದರೆ ಬಚಾವಾಗುತ್ತಿದ್ದಳು. ಒದ್ದೆ ಕರವಸ್ತ್ರ ಹಿಡಿದು ಮೆಟ್ಟಿಲು ಹತ್ತಿದಳು.

ಬರಿದಾದ ಕರವಸ್ತ್ರವನ್ನು ಗುಬ್ಬಿ ತಿರುಗಿಸಿ ನೋಡಿದಳು. "ಎಲ್ಲಿ?"

"ಮಾವ ಸೇವಿಸಿದ್ರು. ಮನೆಗೆ ಒಯ್ಯೋ ಹಾಗಿಲ್ಲ. ಆಶೀರ್ವಾದ ಅಂದದ್ದೂ ಸುಳ್ಳು, ರೊಟ್ಟಿಚೂರು ಅಂದದ್ದೂ ಸುಳ್ಳು. ಅದು ಕ್ರಿಸ್ತನ ಶರೀರ. ನಾನು ಹಾಗೇ ನಂಬ್ತೀನಿ."

"ಇಷ್ಟು ನಂಬೋಳು ನನ್ನ ಯಾಕೆ ಕಳಿಸಿದೆ?"

"ಸಿಸ್ಟರ್ ನನ್ನ ನೋಡಬಾರದು ಅಂತ."

ಗುಬ್ಬಿ ಒದ್ದೆ ಬಟ್ಟೆಯನ್ನು ಅಂಚಿಗೆ ಅಂಚು ಸೇರಿಸಿ ಮಡಚಿ ಚೀಲದೊಳಗಿಟ್ಟಳು.

"ಇದನ್ನೇ ಅಮ್ಮನ ದಿಂಬಿನ ಕೆಳಗೆ ಇಡ್ತೀನಿ. ಅದು ಇದರೊಳಗೆ ಇತ್ತಲ್ಲ," ಎಂದಳು. ಆಮೇಲೆ ಚಿನ್ನುವಿನ ಮುಖ ನೋಡದೆ ಕೇಳಿದಳು, "ಇದರಲ್ಲೂ ಏನಾದ್ರೂ ಸುಳ್ಳಿದ್ರೆ ಈಗಲೇ ಹೇಳಿಬಿಡು."