ಲಿಪ್ಯಾಂಕಾದ ಚರ್ಚು ಯಾವ ಕಡೆ ನೋಡುತ್ತದೆ

ನಮ್ಮ ಕೆಳಗಿನ ಮನೆಯ ಹೆನ್ರಿಕ್ ತಮ್ಮ ಊರಿನ ನಕ್ಷೆಯನ್ನು ನೆನಪಿನಿಂದ ಬರೆದು ತಂದದ್ದು ಎರಡು ಸಾವಿರದ ಇಸವಿಯ ಮಾರ್ಚ್ ತಿಂಗಳಲ್ಲಿ. ಪೆನ್ಸಿಲಿನ ಗೆರೆಗಳು ಅಲ್ಲಲ್ಲಿ ಉಜ್ಜಿ ಹೋಗಿದ್ದವು. ನಾನು ಪಾಲೋ ಆಲ್ಟೋದ ಒಂದು ಕಂಪನಿಯಲ್ಲಿ ಇಂಟರ್ನೆಟ್ಟಿಗೆ ರಸ್ತೆ ನಕ್ಷೆಗಳನ್ನು ತಯಾರಿಸುತ್ತಿದ್ದೆ. ಕಂಪನಿಗೆ ಲಾಭ ಇನ್ನೂ ಬಂದಿರಲಿಲ್ಲ. ಕೇಕು ಮಾತ್ರ ವಾರಕ್ಕೆರಡು ಸಲ ಬರುತ್ತಿತ್ತು. ಈ ಕೆಲಸದ ಸುದ್ದಿ ಕೇಳಿಯೇ ಹೆನ್ರಿಕ್ ಮೆಟ್ಟಿಲು ಹತ್ತಿ ಬಂದಿದ್ದರು.

ಲಿಪ್ಯಾಂಕಾ ಪೋಲೆಂಡಿನ ಪೂರ್ವಭಾಗದ ಸಣ್ಣ ಪೇಟೆ. ಓಲ್ಶಾ ಎಂಬ ಹೊಳೆ ಊರಿನ ಪೂರ್ವಕ್ಕೂ ಉತ್ತರಕ್ಕೂ ಬಳಸಿಕೊಂಡು ಹರಿಯುತ್ತದೆ, ಎರಡೂ ಕಡೆ ಒಂದೊಂದು ಸೇತುವೆ. ನಡುವೆ ಚೌಕ, ಚೌಕದ ಅಂಚಿಗೆ ಚರ್ಚು. ಹೆನ್ರಿಕ್ ಅವರ ಅಜ್ಜ ಹುಟ್ಟಿದಾಗ ಅಲ್ಲಿ ರಷ್ಯದ ದೊರೆಯ ಆಳ್ವಿಕೆ. ಅಪ್ಪ ಯುವಕನಾದಾಗ ಪೋಲೆಂಡು ಮತ್ತೆ ದೇಶವಾಗಿತ್ತು. ಇವರಿಗೆ ಮೂರು ತುಂಬುವ ಹೊತ್ತಿಗೆ ಜರ್ಮನ್ ಸೈನ್ಯ ಬಂತು. ಚೌಕದ ಅಂಗಡಿಗಳಲ್ಲಿ ಅರ್ಧಕ್ಕರ್ಧ ಯಹೂದಿಗಳವು. ಅವರನ್ನೆಲ್ಲ ಒಂದು ಬೆಳಿಗ್ಗೆ ಲಾರಿಗಳಲ್ಲಿ ತುಂಬಿಕೊಂಡು ಹೋದರು, ಯಾರೂ ಮರಳಲಿಲ್ಲ. ಹೆನ್ರಿಕ್ ನಕ್ಷೆಯಲ್ಲಿ ಆ ಅಂಗಡಿಗಳೂ ಇದ್ದವು: ದರ್ಜಿ, ಬ್ರೆಡ್ಡಿನವನು, ಗಡಿಯಾರ ರಿಪೇರಿಯವನು.

ಆದರೆ ಹೆನ್ರಿಕ್ ಅವರಿಗೆ ಬೇಕಾಗಿದ್ದದ್ದು ಒಂದೇ ಜಾಗ. ಅವರಿಗೆ ಎಂಟು ವರ್ಷವಿದ್ದಾಗ ತಂಗಿ ಹಂಕಾ ಜ್ವರದಿಂದ ತೀರಿಕೊಂಡಳು. ಸ್ಮಶಾನದ ದಾರಿಯಲ್ಲಿ ಸೈನಿಕರ ಕಾವಲಿತ್ತು. ಅಪ್ಪ ಅವಳನ್ನು ಮನೆಯ ಸೇಬಿನ ತೋಟದಲ್ಲಿ, ಆಕ್ರೋಟ್ ಮರದ ಬುಡದಲ್ಲಿ ಹೂಳಿದರು. ಮರುವರ್ಷ ಕುಟುಂಬ ಊರು ಬಿಟ್ಟಿತು. ಹೃದಯದ ಆಪರೇಷನ್ನಿಗೆ ಮುಂಚೆ ಒಂದೇ ಒಂದು ಪ್ರಯಾಣಕ್ಕೆ ಡಾಕ್ಟರು ಈಗ ಒಪ್ಪಿದ್ದರು. ಮೇ ತಿಂಗಳ ಟಿಕೆಟ್ ಆಗಿತ್ತು. ಆ ಜಾಗದಲ್ಲಿ ಒಂದು ಕಲ್ಲು ನಿಲ್ಲಿಸಬೇಕೆಂಬುದು ಅವರ ಆಸೆ.

"ಚರ್ಚಿನೊಳಗೆ ಪೂಜಾವೇದಿಕೆಯ ಕಡೆ ಮುಖ ಮಾಡಿ ನಿಲ್ಲಿ," ಎಂದು ಅವರು ಇಂಗ್ಲಿಷಿನಲ್ಲಿ ವಿವರಿಸಿದ್ದರು. "ಹಾಗೇ ನೇರ ಹೋದರೆ ಚರ್ಚಿನ ಹಿಂದೆ ಸೇತುವೆ. ದಾಟಿ ಬಲಕ್ಕೆ ತಿರುಗಿದರೆ ನಮ್ಮ ತೋಟ."

"ವೇದಿಕೆ ಯಾವ ದಿಕ್ಕಿಗೆ?"

"ಪೂರ್ವಕ್ಕೆ. ಚರ್ಚಿನಲ್ಲಿ ಯಾವಾಗಲೂ ಪೂರ್ವಕ್ಕೇ."

ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ಯುದ್ಧಕ್ಕೆ ಮುಂಚಿನ ಪೋಲಿಷ್ ಸೈನ್ಯದ ಸರ್ವೆ ನಕ್ಷೆಗಳಿದ್ದವು. ಲಿಪ್ಯಾಂಕಾ ಇದ್ದ ಹಾಳೆಯ ಪ್ರತಿ ತೆಗೆಸಿ, ಆ ಭಾಗವನ್ನು ದೊಡ್ಡದು ಮಾಡಿದೆ. ಅದರಲ್ಲಿ ಚರ್ಚು ಎಂದರೆ ಬರೀ ಒಂದು ಶಿಲುಬೆಯ ಗುರುತು, ಯಾವ ಕಡೆ ಮುಖವೆಂದು ಗೊತ್ತಾಗುವುದಿಲ್ಲ. ಹೆನ್ರಿಕ್ ಬರೆದದ್ದನ್ನು ಅದೇ ಅಳತೆಗೆ ಟ್ರೇಸಿಂಗ್ ಪೇಪರಿನ ಮೇಲೆ ಇಳಿಸಿ, ವೇದಿಕೆಯನ್ನು ಪೂರ್ವಕ್ಕಿಟ್ಟು, ಉತ್ತರದ ಬಾಣ ಹಾಕಿದೆ. ಶನಿವಾರ ಬೆಳಿಗ್ಗೆ ಅವರ ಎದುರಿಗೇ ಒಂದರ ಮೇಲೊಂದು ಹಾಸಿದೆ.

ತೋಟ ಹೊಳೆಯ ಪೂರ್ವ ದಡದ ಮೇಲೆ ಬಿತ್ತು. ಸರ್ವೆಯವರು ಆ ದಡದುದ್ದಕ್ಕೂ ಜೌಗು ನೆಲದ ಗುರುತು ಹಾಕಿದ್ದರು. ಒಂದು ಮನೆಯೂ ಇಲ್ಲ.

ಹೆನ್ರಿಕ್ ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು. "ಜೌಗಿನಲ್ಲಿ ಆಕ್ರೋಟ್ ಬೆಳೆಯುವುದಿಲ್ಲ. ಜೌಗಿನಲ್ಲಿ ಯಾವ ತಂದೆಯೂ ಮಗುವನ್ನು ಹೂಳುವುದಿಲ್ಲ."

"ಸರ್ವೆಯಲ್ಲೇ ತಪ್ಪಿರಬಹುದು," ಎಂದೆ. ನನಗೇ ನಂಬಿಕೆಯಿರಲಿಲ್ಲ.

"ಇಲ್ಲ ನವೀದ್. ನನ್ನ ತಲೆಯಲ್ಲಿ ತಪ್ಪಿದೆ. ಇಷ್ಟು ವರ್ಷ ಯಾರದೋ ತೋಟವನ್ನು ನಮ್ಮದು ಅಂದುಕೊಂಡಿದ್ದೆನೋ ಏನೋ. ಹೋಗಿ ಯಾವ ಜಾಗದಲ್ಲಿ ಕಲ್ಲು ನಿಲ್ಲಿಸಲಿ? ಟಿಕೆಟ್ ಕ್ಯಾನ್ಸಲ್ ಮಾಡುತ್ತೇನೆ."

ಅಡುಗೆಮನೆಯಿಂದ ಅಮ್ಮಿ ಚಹಾದ ಟ್ರೇ ಹಿಡಿದು ಬಂದರು. ನನ್ನ ತಾಯಿ ಫಖರುನ್ನಿಸಾ ಮೈಸೂರಿನ ಹೈಸ್ಕೂಲಿನಲ್ಲಿ ಭೂಗೋಳ ಪಾಠ ಹೇಳಿ ನಿವೃತ್ತರಾದವರು, ಆರು ತಿಂಗಳಿಗೆಂದು ನನ್ನಲ್ಲಿಗೆ ಬಂದಿದ್ದರು. ನಮ್ಮ ಮನೆಮಾತು ಉರ್ದು. ಆದರೆ ಭೂಗೋಳದ ವಿಷಯ ಬಂದರೆ ಅಮ್ಮಿ ತಾವು ಪಾಠ ಹೇಳಿದ ಕನ್ನಡಕ್ಕೇ ಬಂದುಬಿಡುತ್ತಾರೆ.

"ಏನೋ ಇದು, ಹೆನ್ರಿಕ್ ಭಾಯ್ ಮುಖ ಯಾಕೆ ಹಿಂಗಾಗಿದೆ?"

ಹೇಳಿದೆ. ಅವರು ಟ್ರೇಯನ್ನು ಕುರ್ಚಿಯ ಮೇಲಿಟ್ಟು ಹಾಳೆಗಳ ಮೇಲೆ ಬಾಗಿದರು.

"ಈ ಬಾಣ ಹಾಕಿದ್ಯಾರು?"

"ನಾನೇ ಅಮ್ಮಿ."

"ಯಾವ ಆಧಾರದ ಮೇಲೆ?"

"ಚರ್ಚಿನ ವೇದಿಕೆ ಪೂರ್ವಕ್ಕಿರುತ್ತಲ್ಲ, ಅವರೇ ಹೇಳಿದ್ರು."

"ಅವರು ನೋಡಿದ್ದೋ, ಅವರಿಗೆ ಯಾರೋ ಹೇಳಿದ್ದೋ? ಎಂಎಸ್ಸಿ ಮಾಡಿದ್ದೀಯ, ಇಷ್ಟು ಕೇಳಬೇಡ್ವಾ?"

ಮಾತು ಮುಗಿಸಿ, ನೆಲದ ಕಾರ್ಪೆಟ್ಟಿನ ಮೇಲೆ ನಮಾಜಿನ ದಿಕ್ಕಿಗೆಂದು ನಾನು ಅಂಟಿಸಿದ್ದ ನೀಲಿ ಟೇಪನ್ನು ನೋಡಿ ನಕ್ಕುಬಿಟ್ಟರು. ನನಗೂ ಹೊಳೆಯಿತು. ಬಂದ ಹೊಸದರಲ್ಲಿ ಅಮ್ಮಿ ಈ ಮನೆಯಲ್ಲಿ ಪಶ್ಚಿಮಕ್ಕೆ ತಿರುಗಿ ನಮಾಜು ಮಾಡಿದ್ದರು, ಮೈಸೂರಿನಲ್ಲಿ ಮಾಡುತ್ತಿದ್ದ ಹಾಗೆ. ಕ್ಯಾಲಿಫೋರ್ನಿಯದಿಂದ ಮೆಕ್ಕಾಕ್ಕೆ ಹತ್ತಿರದ ದಾರಿ ಉತ್ತರಕ್ಕಿಂತ ತುಸು ಪೂರ್ವಕ್ಕಿದೆ. ಅದನ್ನು ದಾರ ಹಿಡಿದು ಗ್ಲೋಬಿನ ಮೇಲೆ ತೋರಿಸಿದಾಗ ಕೆನ್ನೆ ಬಡಿದುಕೊಂಡಿದ್ದರು.

"ಹೆನ್ರಿಕ್ ಭಾಯ್," ಎಂದು ಅಮ್ಮಿ ತಮ್ಮ ಸ್ಕೂಲ್ ಇಂಗ್ಲಿಷಿಗೆ ತಿರುಗಿದರು. "ಜೀವಮಾನವೆಲ್ಲ ಗ್ಲೋಬ್ ಹಿಡಿದು ಪಾಠ ಹೇಳಿದವಳು ನಾನು. ಆದರೂ ಇಲ್ಲಿ ಬಂದು ಪೆಸಿಫಿಕ್ ಸಮುದ್ರಕ್ಕೆ ನಮಾಜು ಮಾಡಿದೆ. ದೇವರ ವಿಷಯದಲ್ಲಿ ದಿಕ್ಕು ನೋಡುವುದಿಲ್ಲ ನಾವು, ಅಭ್ಯಾಸ ನೋಡುತ್ತೇವೆ. ಪೂರ್ವ ಬಿಡಿ. ನಿಮ್ಮ ಚರ್ಚಿನ ಸುತ್ತ ಹಿಮ ಬೀಳುತ್ತಿತ್ತಲ್ಲ, ಮೊದಲು ಕರಗುತ್ತಿದ್ದದ್ದು ಎಲ್ಲಿ?"

ಹೆನ್ರಿಕ್ ಯೋಚಿಸಲೇ ಇಲ್ಲ. "ಬಾಗಿಲ ಮುಂದಿನ ಮೆಟ್ಟಿಲ ಮೇಲೆ. ಅಜ್ಜಿಯರೆಲ್ಲ ಅಲ್ಲಿ ಬಿಸಿಲಿಗೆ ಕೂರುತ್ತಿದ್ದರು."

"ಕೊನೆಗೆ?"

"ವೇದಿಕೆಯ ಹಿಂದಿನ ಗೋಡೆಯ ಬುಡದಲ್ಲಿ. ಈಸ್ಟರ್ ಮುಗಿದರೂ ಇರುತ್ತಿತ್ತು. ಆ ಗೋಡೆ ಪೂರ್ತಿ ಪಾಚಿ. ಹಂಕಾ ಅದನ್ನು ಕೆರೆದು ಗೊಂಬೆಗೆ ಹಾಸಿಗೆ ಮಾಡುತ್ತಿದ್ದಳು."

"ಬಿಸಿಲು ಕಾಣದ ಗೋಡೆ," ಎಂದರು ಅಮ್ಮಿ, ಹೈಸ್ಕೂಲಿನ ಮಕ್ಕಳಿಗೆ ಕಾಯುವ ಹಾಗೆ ನನ್ನ ಕಡೆ ನೋಡುತ್ತ.

"ಉತ್ತರದ್ದು," ಎಂದೆ. "ಅಲ್ಲಿ ಮಧ್ಯಾಹ್ನದ ಸೂರ್ಯ ಯಾವಾಗಲೂ ದಕ್ಷಿಣಕ್ಕೇ."

ಚರ್ಚಿನ ಗುರುತಿನ ಮೇಲೆ ಪಿನ್ನು ಚುಚ್ಚಿ ಟ್ರೇಸಿಂಗ್ ಪೇಪರನ್ನು ಎಡಕ್ಕೆ ಕಾಲು ಸುತ್ತು ತಿರುಗಿಸಿದೆ. ವೇದಿಕೆ ಉತ್ತರಕ್ಕೆ ಬಂತು. ಅವರ ಸೇತುವೆ ಸರ್ವೆಯ ಉತ್ತರದ ಸೇತುವೆಯ ಮೇಲೆ ಕೂತಿತು. ತೋಟ ಬಿದ್ದ ಕಡೆ ಜೌಗಿರಲಿಲ್ಲ. ಒತ್ತೊತ್ತಾದ ಎತ್ತರದ ಗೆರೆಗಳು, ನಡುವೆ ಹಣ್ಣಿನ ಮರಗಳ ಸಾಲುಚುಕ್ಕಿಗಳು, ಮೂರು ಮನೆಯ ಗುರುತು.

"ಈ ಗೆರೆಗಳು ಏನು?" ಹೆನ್ರಿಕ್ ಕೇಳಿದರು.

"ಏರು. ಹೊಳೆಯಿಂದ ಮೇಲಕ್ಕೆ."

"ಏರು! ಹೌದು. ಸ್ಲೆಡ್ಡಿನಲ್ಲಿ ಹಂಕಾಳನ್ನು ಮುಂದೆ ಕೂರಿಸಿಕೊಂಡು ಜಾರುತ್ತಿದ್ದೆ. ಸೇತುವೆಯ ಹತ್ತಿರ ಬಂದು ನಿಲ್ಲುತ್ತಿದ್ದೆವು. ಅಮ್ಮ ಬೈಯುತ್ತಿದ್ದಳು." ಅವರು ಆ ಗೆರೆಗಳನ್ನು ಬೆರಳಿನಿಂದ ಮೇಲಿನಿಂದ ಕೆಳಕ್ಕೆ ಸವರಿದರು. "ಇದನ್ನು ನಾನು ಮರೆತೇಬಿಟ್ಟಿದ್ದೆ."

ಇದು ಖಚಿತವೆಂದು ನಾನು ಹೇಳಲಿಲ್ಲ. ಮೂರು ಮನೆಗಳಲ್ಲಿ ಅವರದು ಯಾವುದೆಂದು ಅಲ್ಲಿಯೇ ನೋಡಬೇಕು. ಮರ ಉಳಿದಿದೆಯೋ ಇಲ್ಲವೋ. ಆದರೆ ಅವರು ಆಗಲೇ ಚಹಾಕ್ಕೆ ಕೈ ಚಾಚಿದ್ದರು, ಆರಿದ್ದರೂ ಪೂರ್ತಿ ಕುಡಿದರು.

ಹೆನ್ರಿಕ್ ಹೊರಡುವ ಹಿಂದಿನ ದಿನ ಅಮ್ಮಿ ತಮ್ಮ ನಮಾಜಿನ ಚಾಪೆಯ ಜೊತೆ ಮೈಸೂರಿನಿಂದ ತಂದಿದ್ದ ಪುಟ್ಟ ದಿಕ್ಸೂಚಿಯನ್ನು ಅವರ ಕೈಗಿಟ್ಟರು.

"ಇದು ಮೆಕ್ಕಾ ತೋರಿಸುವುದಲ್ಲವೇ, ಮೇಡಂ? ನಾನು ಕ್ಯಾಥೊಲಿಕ್."

"ಮುಳ್ಳಿಗೆ ಅದು ಗೊತ್ತಿಲ್ಲ, ಉತ್ತರ ಮಾತ್ರ ಗೊತ್ತು. ಇದು ಸಾಲ, ನೆನಪಿರಲಿ. ನೀವೇ ವಾಪಸ್ ತಂದುಕೊಡಬೇಕು."

ಮೇ ತಿಂಗಳ ಎರಡನೆಯ ವಾರ, ಒಂದು ಬೆಳಿಗ್ಗೆ ಎದ್ದಾಗ ಆನ್ಸರಿಂಗ್ ಮೆಷಿನ್ನಿನ ಕೆಂಪು ದೀಪ ಮಿನುಗುತ್ತಿತ್ತು. ಗುಂಡಿ ಒತ್ತಿದೆ. ಮೊದಲು ಗಾಳಿಯ ಸದ್ದು, ಆಮೇಲೆ ಗಂಟೆಯ ಸದ್ದು, ಆಮೇಲೆ ಹೆನ್ರಿಕ್.

"ಮೇಡಂ, ಯಾರದೋ ಮೊಬೈಲು ಇಸಕೊಂಡಿದ್ದೇನೆ. ಇಲ್ಲಿ ಮಧ್ಯಾಹ್ನ. ಚರ್ಚಿನ ಬಾಗಿಲಿಗೆ ಬೆನ್ನು ಮಾಡಿ ಮೆಟ್ಟಿಲ ಮೇಲೆ ನಿಂತಿದ್ದೇನೆ. ಸೂರ್ಯ ನೇರ ಮುಖಕ್ಕೇ ಇದ್ದಾನೆ, ಕಣ್ಣು ಬಿಡಲಾಗುತ್ತಿಲ್ಲ. ಹಿಂದೆ ಹೋಗಿ ಗೋಡೆ ನೋಡಿ ಬಂದೆ. ಪಾಚಿ ಹಾಗೇ ಇದೆ. ಈಗ ಸೇತುವೆಗೆ ಹೋಗುತ್ತಿದ್ದೇನೆ."

ಅಮ್ಮಿ ತಲೆಗೆ ಸೆರಗು ಹೊದ್ದುಕೊಳ್ಳುತ್ತ ಮೆಷಿನ್ನಿನ ಪಕ್ಕದಲ್ಲೇ ನಿಂತು ಕೇಳಿದರು. ಸಂದೇಶ ಮುಗಿದಿದೆಯೆಂದು ಅವರಿಗೆ ಗೊತ್ತಿತ್ತು. ಆದರೂ ಆ ಡಬ್ಬಿಯ ಕಡೆ ಬಾಗಿ, ಅವಸರದಲ್ಲಿ ಕನ್ನಡದಲ್ಲೇ ಹೇಳಿದರು:

"ಬಲಗಡೆ, ಭಾಯ್. ಸೇತುವೆ ದಾಟಿ ಬಲಗಡೆ. ನಿಧಾನ, ಏರಿದೆ."