ಕಂದು ಕೋಟಿನ ಜೇಬಿನ ಮಸಿ

ಮ್ಯೂರಿಯಲ್ ಥ್ರೆಲ್‌ಫಾಲ್ ನೇರವಾಗಿ ನಡೆದದ್ದನ್ನು ನಾನು ಒಮ್ಮೆ ಮಾತ್ರ ಕಂಡಿದ್ದೇನೆ. ಉಳಿದಂತೆ ಯಾವ ಬಾಗಿಲು ದಾಟುವಾಗಲೂ ಒಂದು ಭುಜವನ್ನು ಮುಂದೆ ಮಾಡಿಕೊಂಡು, ಎದುರಿನಿಂದ ಏನೋ ಹಾರಿಬಂದು ಬಡಿಯಲಿದೆ ಎಂಬಂತೆ ಓರೆಯಾಗಿಯೇ ಬರುತ್ತಾಳೆ. ಮೈಮೇಲೆ ಗಂಡ ವಿಲ್ಫ್‌ನ ಹಳೆಯ ಕಂದು ಕೋಟು. ತೋಳಿನ ತುದಿ ಮರ ಕಡೆಯುವ ಯಂತ್ರಕ್ಕೆ ಸಿಕ್ಕಿಬಿಟ್ಟೀತೆಂದು ಅದಕ್ಕೆ ಎಲಾಸ್ಟಿಕ್ ಹೊಲಿದಿದ್ದಾಳೆ. ಎದೆಯ ಜೇಬಿನ ಕೆಳಗೆ ಅಂಗೈಯಗಲ ನೀಲಿ ಮಸಿಯ ಕಲೆ. ಯಾರಾದರೂ ಅದರ ಮಾತೆತ್ತಿದರೆ, “ಇರ್ಲಿ ಬಿಡಿ, ಅದು ನಂದು,” ಎಂದು ಜೇಬನ್ನು ಕೈಯಿಂದ ಮುಚ್ಚಿಕೊಳ್ಳುತ್ತಾಳೆ.

ನಮ್ಮದು ಅಕ್ಕಪಕ್ಕದ ಮನೆ. ವಿಲ್ಫ್ ಮತ್ತು ನಾನು ಚಾಪೆಲ್ ಸಭಾಂಗಣದಲ್ಲಿ ಸೇರುವ ಮರ ಕಡೆಯುವವರ ಸಂಘದ ಹಳೆಯ ಸದಸ್ಯರು. ನಾವೆಲ್ಲ ಮೊಟ್ಟೆ ಇಡುವ ಬಟ್ಟಲು, ಮೇಜುದೀಪದ ಕಂಬ ಎಂದು ಕಾಲ ಕಳೆಯುತ್ತಿದ್ದರೆ ವಿಲ್ಫ್‌ನಿಗೆ ಮಾತ್ರ ತೋಳಗಲದ ಬೋಗುಣಿಗಳೇ ಆಗಬೇಕು. ಒಂದು ಶರತ್ಕಾಲದಲ್ಲಿ, ಒಳಗೆ ಬಿರುಕಿದ್ದ ಮರದ ತುಂಡೊಂದು ಲೇತ್ ಎಂಬ ಕಡೆಯುವ ಯಂತ್ರದ ಮೇಲೆ ತಿರುಗುತ್ತಿರುವಾಗಲೇ ಸೀಳಿ ಅವನ ಮುಖಕ್ಕೆ ಬಡಿಯಿತು. ಮುಖಗವಸು ಮೊಳೆಗೆ ನೇತುಹಾಕಿದಲ್ಲೇ ಇತ್ತು. ಎಡಗಣ್ಣು ಹೋಯಿತು. ಒಂದೇ ಕಣ್ಣಿಗೆ ಹತ್ತಿರ ದೂರಗಳ ಅಂದಾಜು ಸಿಗದೆ, ಅವನು ಬಗ್ಗಿಸಿದ ಚಹಾ ಕಪ್ಪಿಗೆ ಬೀಳದೆ ಪಕ್ಕದಲ್ಲಿ ಹರಿಯುತ್ತಿತ್ತು.

ಅಷ್ಟಾದರೂ ವಸಂತ ಬರುತ್ತಿದ್ದಂತೆ ಅವನ ದೃಷ್ಟಿ ಹಿತ್ತಲ ಶೆಡ್ಡಿನ ಅಟ್ಟಣಿಗೆಯ ಮೇಲಿದ್ದ, ದೊಡ್ಡ ಬೋಗುಣಿಯಾಗಬಲ್ಲ ಎಲ್ಮ್ ಮರದ ಗಂಟಿನತ್ತ ಹೊರಳಿತು. ಬಿರುಗಾಳಿಗೆ ಬಿದ್ದ ಮುದಿಮರದ್ದು. ಈಗ ಹುಡುಕಿದರೂ ಇನ್ನೊಂದು ಸಿಗುವಂಥದ್ದಲ್ಲ. “ಅದು ನನಗೋಸ್ಕರ ಕಾಯ್ತಾ ಇದೆ ಕಣೇ,” ಎನ್ನುತ್ತಿದ್ದ. ಆ ಮಾತು ಕೇಳಿದಂದಿನಿಂದ ಮ್ಯೂರಿಯಲ್‌ಗೆ ನಿದ್ದೆ ಇಲ್ಲ.

“ಬೇಡ ಅಂತ ಹೇಳಿ ನೋಡು,” ಎಂದೆ ನಾನು, ನಮ್ಮ ನಡುವಿನ ಕಲ್ಲುಗೋಡೆಯ ಮೇಲಿಂದ.

“ಬೇಡ ಅಂದ್ರೆ ನಾನಿಲ್ಲದಾಗ ಮಾಡ್ತಾನೆ. ಆಗ ಯಂತ್ರ ನಿಲ್ಲಿಸೋ ಗುಂಡಿ ಒತ್ತೋಕೆ ಯಾರಿರ್ತಾರೆ?”

ಸಂಘದ ಮೇಜಿನ ಮೂಲೆಯಲ್ಲಿ ಸಣ್ಣ ಪೊಟ್ಟಣಗಳು ಮಾರಾಟಕ್ಕಿರುತ್ತವೆ: ಸಪೂರ ಪೆನ್ನೊಂದಕ್ಕೆ ಬೇಕಾದ ಬಿಡಿಭಾಗಗಳ ಕಿಟ್. ಎರಡು ಹಿತ್ತಾಳೆ ಕೊಳವೆ, ಮೂತಿ, ಕ್ಲಿಪ್ಪು, ತಿರುಚಿದರೆ ರೀಫಿಲ್ಲನ್ನು ಹೊರಗೆ ಒಳಗೆ ಆಡಿಸುವ ಒಂದು ತುಣುಕು. ಬೆರಳುದ್ದದ ಮರಕ್ಕೆ ತೂತು ಕೊರೆದು, ಕೊಳವೆ ಅಂಟಿಸಿ, ಕಡೆದು, ಒತ್ತಿ ಕೂಡಿಸಿದರೆ ಮುಗಿಯಿತು; ಮಧ್ಯಾಹ್ನ ಹಿಡಿದ ಕೆಲಸ ಸಂಜೆಯ ಚಹಾಕ್ಕೆ ಮೊದಲೇ ಜೇಬಿಗೆ ಬರುತ್ತದೆ, ಕ್ರಿಸ್‌ಮಸ್ಸಿಗೆ ನೆಂಟರಿಷ್ಟರಿಗೆಲ್ಲ ಉಡುಗೊರೆಯಾಗುತ್ತದೆ. ನಾವು ಅದನ್ನು ಅ ಆ ಇ ಈ ಎಂದು ಗೇಲಿ ಮಾಡುತ್ತೇವೆ, ಮಾಡುತ್ತಲೇ ಕದ್ದುಮುಚ್ಚಿ ಕೊಳ್ಳುತ್ತೇವೆ. ಒಂದು ಸಂಜೆ ಅಲ್ಲಿಗೆ ಬಂದ ಮ್ಯೂರಿಯಲ್ ಒಂದು ಪೊಟ್ಟಣವನ್ನು ಬೆಳಕಿಗೆ ಹಿಡಿದು ಕೇಳಿದಳು, “ಇದು ತಿರುಗ್ತಾ ತಿರುಗ್ತಾ ಒಡೆದ್ರೆ ಏನಾಗುತ್ತೆ?”

“ಏನಾಗುತ್ತೆ? ನಾಲ್ಕು ಬೈಗುಳ, ಇನ್ನೊಂದು ಕಡ್ಡಿ,” ಎಂದೆ.

“ಜೀವ ಹೋಗಲ್ಲ ತಾನೆ?” ಎಂದವಳು ಕೋಟಿನ ಜೇಬನ್ನೇ ಮಡಿಲು ಮಾಡಿಕೊಂಡು ಪೊಟ್ಟಣ ತುಂಬಿಕೊಂಡಳು.

ಮರುದಿನ ಅವಳೇ ಲೇತ್ ಮುಂದೆ ನಿಂತಳು. ಉಳಿಯನ್ನು ಹಾವಿನ ಕತ್ತು ಹಿಡಿದಂತೆ ಹಿಡಿದಿದ್ದಳು, ತುಟಿ ಬಿಳಿಚಿಕೊಂಡಿತ್ತು. ಬೆನ್ನು ತಿರುಗಿಸಿ ಕೂತಿದ್ದ ವಿಲ್ಫ್ ಆ ಕರ್ಕಶ ಸದ್ದನ್ನು ಸಹಿಸುವಷ್ಟು ಸಹಿಸಿದ. “ಅಯ್ಯೋ, ಅದೇನು ಆಲೂಗಡ್ಡೆ ಹೆರೀತಿದ್ದೀಯೇನೇ? ಸರಿ ಆಚೆ, ನಾನು ತೋರಿಸ್ತೀನಿ!” ಎಂದು ಎದ್ದ. ಅವಳ ನಡುಕದಲ್ಲಿ ಅವನನ್ನು ಪೆನ್ನಿನತ್ತ ಸೆಳೆಯುವ ನಟನೆ ಎಷ್ಟಿತ್ತೋ ನಾನರಿಯೆ. ಅರ್ಧಕ್ಕಿಂತ ಹೆಚ್ಚು ನಿಜವೆಂದೇ ನನ್ನ ನಂಬಿಕೆ.

ಆ ಬೇಸಿಗೆಯೆಲ್ಲ ಅವನು ಪೆನ್ನು ಕಡೆದ, ಅವಳು ಯಂತ್ರ ನಿಲ್ಲಿಸುವ ಕೆಂಪು ಗುಂಡಿಯ ಮೇಲೆ ಅಂಗೈಯಿಟ್ಟು ನಿಂತಳು. ಅಡುಗೆಮನೆಯಲ್ಲಿದ್ದರೂ ಕಿವಿ ಶೆಡ್ಡಿನಲ್ಲೇ. ಸಣ್ಣ ಕಡ್ಡಿ ವೇಗವಾಗಿ ತಿರುಗುವುದರಿಂದ ಸದ್ದು ಕೀಚಲು. ದೊಡ್ಡ ಬೋಗುಣಿಯನ್ನು ನಿಧಾನವಾಗಿ ತಿರುಗಿಸಬೇಕಾದ್ದರಿಂದ ಗುರುಗುಟ್ಟುವ ಸದ್ದು. ಕೀಚಲು ಕೇಳುತ್ತಿರುವವರೆಗೆ ಅವಳು ಉಸಿರಾಡುತ್ತಿದ್ದಳು.

ನವೆಂಬರಿನಲ್ಲಿ ಅವಳು ತಂಗಿಯ ಮನೆಯಿಂದ ಹಿಂದಿರುಗಿದ ದಿನ ನಾನೇ ಬಸ್ಸಿನಿಂದ ಅವಳ ಚೀಲ ಇಳಿಸಿಕೊಂಡು ಬಂದೆ. ಗೇಟಿನ ಬಳಿ ಇಬ್ಬರಿಗೂ ಒಟ್ಟಿಗೇ ಕೇಳಿಸಿತು: ಗುರ್ರೆನ್ನುವ ತಗ್ಗು ಸದ್ದು. ಆಗಲೇ ಅವಳು ನೇರವಾಗಿ, ಎದೆ ಕೊಟ್ಟು ಓಡಿದ್ದು. ಚೀಲ ಅಲ್ಲೇ ಬಿಟ್ಟು ನಾನೂ ಹಿಂದೆ ಓಡಿದೆ. ಶೆಡ್ಡಿನ ಕಿಟಕಿಯಲ್ಲಿ ಅಟ್ಟಣಿಗೆ ಕಂಡಿತು. ಎಲ್ಮ್ ಇದ್ದ ಜಾಗ ಖಾಲಿ. ಅವಳು ಬಾಗಿಲು ದೂಡಿ, ಏನನ್ನೂ ನೋಡದೆ, ಗುಂಡಿಗೆ ಬಡಿದಳು.

ವಿಲ್ಫ್ ಮುಖಗವಸು ಎತ್ತಿದ. ಯಂತ್ರದ ಮೇಲಿದ್ದದ್ದು ಬೆರಳುಗಾತ್ರದ ಕಡ್ಡಿ. “ಏನಾಯ್ತೇ? ಮರಳುಕಾಗದ ಉಜ್ಜೋಕೆ ನಿಧಾನ ಮಾಡಿದ್ದೆ, ಅಷ್ಟೆ.”

“ಅದೆಲ್ಲಿ?”

ಅವನು ಮೇಜನ್ನು ತೋರಿಸಿದ. ಎಲ್ಮ್ ಗಂಟು ಪೂರ್ತಿ ಪೆನ್ನಿನಳತೆಯ ಕಡ್ಡಿಗಳಾಗಿ ಸೌದೆಯಂತೆ ಒಟ್ಟಿತ್ತು. “ಕೈಗರಗಸದಲ್ಲೇ ಕುಯ್ದೆ, ಹೆದರಬೇಡ.”

ಮ್ಯೂರಿಯಲ್ ಅಲ್ಲೇ ಸ್ಟೂಲಿನ ಮೇಲೆ ಕುಸಿದು ಅತ್ತಳು. ಅದು ಸಮಾಧಾನದ ಅಳುವಲ್ಲ. “ಒಂದು ಬೋಗುಣಿಗಾದ್ರೂ ಉಳಿಸ್ಕೋಬಾರದಿತ್ತಾ?”

“ಅದನ್ನ ಕಡೆಯೋವಾಗ ನೀನು ಎಲ್ಲಿರ್ತಿದ್ದೆ, ಹೇಳು? ಆ ಗುಂಡಿ ಹತ್ರ, ಉಸಿರು ಬಿಗಿಹಿಡ್ಕೊಂಡು,” ಎಂದ ವಿಲ್ಫ್. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

ಆ ಕಡ್ಡಿಯನ್ನೇ ಮುಗಿಸಿ, ಒತ್ತಿಹಿಡಿಯುವ ವೈಸಿನಲ್ಲಿಟ್ಟು ಕೂಡಿಸಹೋದ. ತಿರುಚುವ ತುಣುಕನ್ನು ಅದರ ಮೇಲಿನ ಹಿತ್ತಾಳೆಯ ಗೆರೆಯವರೆಗೆ ಮಾತ್ರ ಕೊಳವೆಯೊಳಗೆ ಒತ್ತಬೇಕು. ಒಂಟಿಗಣ್ಣಿಗೆ ಗೆರೆ ದಕ್ಕಲಿಲ್ಲ, ಕೂದಲೆಳೆಯಷ್ಟು ಹೆಚ್ಚು ಒತ್ತಿದ. ಒಮ್ಮೆ ಹಾಗೆ ಒತ್ತಿಬಿಟ್ಟರೆ ಪೆನ್ನಿನ ಮೊನೆ ಮತ್ತೆಂದೂ ಒಳಗೆ ಹೋಗುವುದಿಲ್ಲ. ಸಂಘದಲ್ಲಿ ಈ ತಪ್ಪು ಮಾಡದವರಿಲ್ಲ; ನಕ್ಕು ಎಸೆಯುತ್ತೇವೆ. ಅವನೂ ಎಸೆಯಹೋದ. ಅವಳು ಕಸಿದುಕೊಂಡು ಎದೆಯ ಜೇಬಿಗೆ ಸಿಕ್ಕಿಸಿದಳು.

ಹೆದರುವವರನ್ನು ನಾವು ಪುಕ್ಕಲರೆಂದು ನಗುತ್ತೇವೆ. ತಮಗಾಗಿ ಹೆದರುವವರ ಮಾತು ಬೇರೆ. ಇನ್ನೊಬ್ಬರಿಗಾಗಿ ಹೆದರುವವರು ಹೇಗೋ ತಮ್ಮವರನ್ನು ಉಳಿಸಿಕೊಳ್ಳುತ್ತಾರೆ, ಉಳಿಸಿಕೊಂಡದ್ದು ಮೊದಲಿನಷ್ಟು ದೊಡ್ಡದಾಗಿ ಉಳಿದಿಲ್ಲವೆಂಬುದನ್ನೂ ಅವರೇ ಮೊದಲು ಕಾಣುತ್ತಾರೆ. ಕಂಡದ್ದನ್ನು ಯಾರಿಗೂ ಹೇಳದೆ, ಮಸಿ ಸೋರಿದರೂ ಜೇಬಿನಿಂದ ತೆಗೆಯದೆ, ಮತ್ತೆ ಓರೆಯಾಗಿ ಬಾಗಿಲು ದಾಟುತ್ತಾರೆ.